ಪುಸ್ತಕಕ್ಕೆ ಬೀರು, ಓದುಗನಿಗೆ ಕುರ್ಚಿ

ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳಿಗೆ ವಾರದ ರಜೆ ಭಾನುವಾರವಲ್ಲ, ಸೋಮವಾರ. ಜೊತೆಗೆ ತಿಂಗಳ ಎರಡನೇ ಮಂಗಳವಾರ. ಶಾಲೆ, ಕಚೇರಿ, ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ ದಿನ ಗ್ರಂಥಾಲಯ ತೆರೆದಿರಬೇಕು ಎಂಬುದು ಇದರ ಹಿಂದಿನ ಲೆಕ್ಕ. ವಾರವಿಡೀ ದುಡಿದವನು ಭಾನುವಾರ ಸ್ನಾನ, ತಿಂಡಿ ಮುಗಿಸಿ ನಾಲ್ಕು ಪತ್ರಿಕೆ ತಿರುವಿ, ಒಂದು ಕಾದಂಬರಿ ಹಿಡಿದು ಮನೆಗೆ ಹೋಗಲಿ ಎಂಬುದೇ ಆ ಏರ್ಪಾಡು.

ಇಷ್ಟು ಸಣ್ಣ ನಿಯಮದಲ್ಲೂ ಗ್ರಂಥಾಲಯ ತನ್ನ ಓದುಗ ಯಾರೆಂದು ಭಾವಿಸಿತ್ತು ಎಂಬುದು ಕಾಣುತ್ತದೆ. ಆತ ಉದ್ಯೋಗಸ್ಥ, ಗಂಡಸು, ಭಾನುವಾರ ಬಿಡುವಿರುವವನು. ಆದರೆ ಇಂದು ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬ್ಯಾಗು, ನೀರಿನ ಬಾಟಲಿ ಹಿಡಿದು ಕಾಯುವವರು ಬೇರೆ. ಅವರಿಗೆ ಉದ್ಯೋಗ ಇನ್ನೂ ಸಿಕ್ಕಿಲ್ಲ. ಅದಕ್ಕೆಂದೇ ಓದಲು ಬಂದಿದ್ದಾರೆ. ಅವರಿಗೆ ಭಾನುವಾರವೂ ಒಂದೇ, ಬುಧವಾರವೂ ಒಂದೇ. ತೊಂದರೆಯಾಗುವುದು ಸೋಮವಾರದಿಂದ.

ವೇಳಾಪಟ್ಟಿಗೆ ಅನ್ವಯಿಸುವ ಮಾತು ಮೇಜು, ಕುರ್ಚಿ, ಕಿಟಕಿ, ಬಾಗಿಲಿಗೂ ಅನ್ವಯಿಸುತ್ತದೆ. ಗ್ರಂಥಾಲಯದ ಕೋಣೆಯನ್ನು ಕಟ್ಟುವವರು ಒಬ್ಬ ಓದುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟುತ್ತಾರೆ. ಕೆಲವು ದಶಕಗಳಲ್ಲಿ ಆ ಓದುಗ ಬದಲಾಗುತ್ತಾನೆ. ಕೋಣೆ ಮಾತ್ರ ಹಾಗೆಯೇ ಉಳಿಯುತ್ತದೆ. ಗಿರಣಿಯ ಊರಾಗಿದ್ದು ವಿದ್ಯೆಯ ಊರಾದ ದಾವಣಗೆರೆ ಮತ್ತು ದೇವಾಲಯದ ಊರಾಗಿದ್ದು ಕಾರ್ಖಾನೆಯ ಊರಾದ ಹರಿಹರ, ಈ ಎರಡು ನೆರೆಯ ಪಟ್ಟಣಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಕೇಳುವ ಕಾಲ

ಕನ್ನಡ ನಾಡಿನಲ್ಲಿ ಪುಸ್ತಕಕ್ಕೆ ಕೋಣೆ ಇದ್ದದ್ದು ಹೊಸದೇನಲ್ಲ. ಇಂದಿನ ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣ ಚಾಳುಕ್ಯರ ಕಾಲದ ಘಟಿಕಾಸ್ಥಾನವೊಂದಿತ್ತು. ಅಲ್ಲಿನ 1058ರ ಶಾಸನ, ವೇದ ಮತ್ತು ಶಾಸ್ತ್ರಗಳನ್ನು ಕಲಿಯುತ್ತಿದ್ದ ವಿದ್ಯಾರ್ಥಿಗಳ ಜೊತೆಗೆ ಆರು ಮಂದಿ ‘ಸರಸ್ವತೀ ಭಂಡಾರಿಗ’ರನ್ನೂ ಹೆಸರಿಸುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಆರು ಗ್ರಂಥಪಾಲಕರು. ಸಾವಿರ ವರ್ಷದ ಹಿಂದೆ ಒಂದೇ ಸಂಸ್ಥೆಗೆ ಆರು ಗ್ರಂಥಪಾಲಕರು ಎಂದರೆ ಇಂದಿನ ಎಷ್ಟೋ ಶಾಖಾ ಗ್ರಂಥಾಲಯಗಳವರು ಹೊಟ್ಟೆಕಿಚ್ಚು ಪಟ್ಟಾರು.

ಆದರೆ ‘ಭಂಡಾರ’ ಎಂಬ ಶಬ್ದವನ್ನು ಗಮನಿಸಬೇಕು. ಅದು ಕಾಪಾಡುವ ಜಾಗ. ಓಲೆಗರಿಯನ್ನು ಹುಳ, ತೇವ, ಬೆಂಕಿ, ಕಳ್ಳರಿಂದ ರಕ್ಷಿಸುವುದು ಅಲ್ಲಿನ ಮುಖ್ಯ ಕೆಲಸ. ದಾರಿಹೋಕ ಬಂದು ಕೂತು ಓದಲಿ ಎಂದು ಕಟ್ಟಿದ್ದಲ್ಲ. ಯೂರೋಪಿನಲ್ಲೂ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿಯಿಂದ ಬೀರುವಿಗೆ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಚರ್ಚಿನಲ್ಲಿ ಅಂಥ ಸರಪಳಿ ಗ್ರಂಥಾಲಯ ಇಂದಿಗೂ ಇದೆ.

ಹಾಗಿದ್ದರೆ ಜನಸಾಮಾನ್ಯರ ಓದು ಎಲ್ಲಿ ನಡೆಯುತ್ತಿತ್ತು? ದೇವಸ್ಥಾನದ ಮಂಟಪದಲ್ಲಿ, ಮಠದ ಜಗಲಿಯಲ್ಲಿ, ಊರ ಕಟ್ಟೆಯ ಮೇಲೆ. ಅದೂ ಕಣ್ಣಿನಿಂದಲ್ಲ, ಕಿವಿಯಿಂದ. ಒಬ್ಬರು ಓದಿ ಅರ್ಥ ಹೇಳುವುದು, ನೂರು ಜನ ಕೇಳುವುದು. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಅದರ ತೆರೆದ ಮಂಟಪವನ್ನು ನೋಡಿದವರಿಗೆ ಇಂಥ ಸಭೆಗೆ ಎಂಥ ಜಾಗ ಬೇಕು ಎಂಬುದು ತಿಳಿಯುತ್ತದೆ. ಗಾಳಿ ಬೆಳಕಿಗೆ ತಡೆಯಿಲ್ಲ, ಮಾತು ಎಲ್ಲರಿಗೂ ಕೇಳುತ್ತದೆ. ಇಲ್ಲಿ ‘ನಿಶ್ಶಬ್ದ’ ಎಂಬ ಫಲಕ ಹಾಕಿದ್ದರೆ ಓದೇ ನಿಂತುಹೋಗುತ್ತಿತ್ತು.

ಸೇತುವೆಯ ಆಚೆ, ಈಚೆ

ಮೌನವಾಗಿ ಓದುವ ಕೋಣೆ ಬಂದದ್ದು ಅಚ್ಚಿನ ಪುಸ್ತಕ, ಪತ್ರಿಕೆ, ಅಂಚೆ ಮತ್ತು ಇಂಗ್ಲಿಷ್ ಶಾಲೆಗಳ ಜೊತೆಯಲ್ಲಿ. ಹರಿಹರದ ಬಳಿ ತುಂಗಭದ್ರೆಗೆ 14 ಕಮಾನುಗಳ ಸೇತುವೆ 1868ರಲ್ಲಿ ಸಿದ್ಧವಾಯಿತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಅದರ ಮೇಲೆ ಹಾಯುತ್ತಿತ್ತು. ನದಿಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ. ಆಚೆ ಬದಿಯ ಬೆಳಗಾವಿ, ಧಾರವಾಡಗಳಲ್ಲಿ ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಚಂದಾ ಕಟ್ಟಿದ ಸದಸ್ಯರಿಗಾಗಿ ಗ್ರಂಥಾಲಯಗಳು ಹುಟ್ಟಿದ್ದವು. ವಕೀಲರು, ಮಾಸ್ತರರು, ಕಚೇರಿಯ ಅಮಲ್ದಾರರು ಅಲ್ಲಿಗೆ ಬರುತ್ತಿದ್ದ ಮಂದಿ. ಚಂದಾ ಕೊಡಲಾರದವನಿಗೆ ಪ್ರವೇಶವಿಲ್ಲ. ‘ಸಾರ್ವಜನಿಕ’ ಎಂಬ ಮಾತಿಗೆ ಆಗ ಇದ್ದ ಅಳತೆ ಅಷ್ಟೇ.

ಮೈಸೂರು ಸಂಸ್ಥಾನದಲ್ಲಿ ಸರಕಾರವೇ ಈ ಕೆಲಸಕ್ಕೆ ಕೈಹಾಕಿದ್ದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. 1914ರ ಸುಮಾರಿಗೆ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳಾದವು. ಬೆಂಗಳೂರಿನದಕ್ಕೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ ಸಿಕ್ಕಿತು. ಅದು ಹಿಂದಿನ ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಎದ್ದ ಸ್ಮಾರಕ ಭವನ. ಅಂದರೆ ನಾಡಿನ ಅತಿ ಹೆಸರುವಾಸಿ ಗ್ರಂಥಾಲಯ ಕಟ್ಟಡವೇ ಸ್ಮಾರಕವಾಗಿ ಹುಟ್ಟಿ ಗ್ರಂಥಾಲಯವಾದದ್ದು. ಈ ಸಂಪ್ರದಾಯ ಮುಂದೆಯೂ ಬಿಡಲಿಲ್ಲ. ಸಣ್ಣ ಊರುಗಳಲ್ಲಿ ಪುರಸಭೆಯ ಮೂಲೆಯ ಕೋಣೆ, ಸಮುದಾಯ ಭವನದ ಮೇಲಂತಸ್ತು, ಪಾರ್ಕಿನ ಷೆಡ್ಡು, ಬಾಡಿಗೆ ಮನೆ ಹೀಗೆ ಬೇರೆ ಯಾವುದಕ್ಕೋ ಕಟ್ಟಿದ್ದರೊಳಗೆ ಗ್ರಂಥಾಲಯವನ್ನು ಕೂರಿಸುವುದೇ ರೂಢಿಯಾಯಿತು.

ಅದೇ ಕಾಲದಲ್ಲಿ ಬರೋಡ ಸಂಸ್ಥಾನ ಬೇರೆ ದಾರಿ ಹಿಡಿದಿತ್ತು. ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡರು. ಮಹಿಳೆಯರಿಗೆ, ಮಕ್ಕಳಿಗೆ ಪ್ರತ್ಯೇಕ ವಿಭಾಗ, ಹಳ್ಳಿಗಳಿಗೆ ಪೆಟ್ಟಿಗೆಯಲ್ಲಿ ಪುಸ್ತಕ ಕಳಿಸುವ ಸಂಚಾರಿ ಗ್ರಂಥಾಲಯ, ಇವೆಲ್ಲ ಅಲ್ಲಿ ಆಗಲೇ ಇದ್ದವು. ಓದುಗ ಒಂದೇ ಬಗೆಯವನಲ್ಲ ಎಂಬ ಅರಿವು ಅಲ್ಲಿ ಬೇಗ ಮೂಡಿತ್ತು.

ಪಾಳಿಯ ಊರು, ಪತ್ರಿಕೆಯ ಓದು

ದಾವಣಗೆರೆ ಮೊದಲು ಬೇತೂರಿನ ಪಕ್ಕದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಅಪ್ಪಾಜಿ ರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಿ ಕೊಟ್ಟ ಮೇಲೆ ವರ್ತಕರು ಬಂದು ನೆಲೆಸಿದರು. 1870ರಲ್ಲಿ ಪುರಸಭೆಯಾಯಿತು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಆರಂಭವಾಯಿತು. ಅದರ ಹಿಂದೆ ಒಂದೊಂದಾಗಿ ಗಿರಣಿಗಳೆದ್ದು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಅಂಟಿಕೊಂಡಿತು. ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ಮಾಡಲು ತೊಡಗಿತು. 1970ರ ದಶಕದಲ್ಲಿ ನದಿಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್ ಬಂತು.

ಎರಡೂ ಊರಿನ ಗಡಿಯಾರ ಗಿರಣಿಯ ಸಿಳ್ಳೆ. ಮೊದಲ ಪಾಳಿ, ಎರಡನೇ ಪಾಳಿ, ರಾತ್ರಿ ಪಾಳಿ. ಪಾಳಿಯಿಂದ ಹೊರಬಂದ ಕಾರ್ಮಿಕನಿಗೆ ಬೇಕಾದದ್ದು ದಪ್ಪ ಗ್ರಂಥವಲ್ಲ, ಅಂದಿನ ಪತ್ರಿಕೆ. ಬೋನಸ್ ಮಾತುಕತೆ ಎಲ್ಲಿಗೆ ಬಂತು, ಹತ್ತಿಯ ಧಾರಣೆ ಎಷ್ಟು, ವಿಧಾನಸಭೆಯಲ್ಲಿ ಏನಾಯಿತು. ದಾವಣಗೆರೆ ಕಾರ್ಮಿಕ ಚಳವಳಿಯ ಗಟ್ಟಿ ನೆಲ. ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರನ್ನು ಮೂರು ಬಾರಿ ವಿಧಾನಸಭೆಗೆ ಕಳಿಸಿದ ಕ್ಷೇತ್ರ. ಇಂಥ ಊರಿನಲ್ಲಿ ಪತ್ರಿಕೆ ಒಬ್ಬನ ಸ್ವತ್ತಾಗಿ ಉಳಿಯುವುದಿಲ್ಲ. ಚಹದಂಗಡಿಯಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ ಒಂದೇ ಪತ್ರಿಕೆ ಹಾಳೆ ಹಾಳೆಯಾಗಿ ಬೇರೆಯಾಗಿ ನಾಲ್ಕು ಕೈ ಸೇರುತ್ತದೆ.

ನಮ್ಮ ಗ್ರಂಥಾಲಯಗಳ ವಾಚನಾಲಯ ವಿಭಾಗ ರೂಪುಗೊಂಡದ್ದು ಈ ಬಗೆಯ ಓದಿಗೆ. ಎದೆಯೆತ್ತರದ ಇಳಿಜಾರು ಮೇಜು. ಪತ್ರಿಕೆ ಹಾರದಂತೆ, ಕೈಗೆತ್ತಿಕೊಂಡು ಯಾರೂ ಹೊರಡದಂತೆ ಅದರ ನಡುವೆ ಬಿಗಿದ ಕಬ್ಬಿಣದ ಪಟ್ಟಿ. ನಿಂತು ಓದುವುದು, ತಿರುವುವುದು, ಹೊರಡುವುದು. ಈ ಮೇಜಿನ ಜಾಣತನ ಹೊರನೋಟಕ್ಕೆ ಕಾಣುವುದಿಲ್ಲ. ನಿಂತವನಿಗೆ ಕಾಲು ನೋಯುತ್ತದೆ, ಹದಿನೈದಿಪ್ಪತ್ತು ನಿಮಿಷದಲ್ಲಿ ಅವನೇ ಜಾಗ ಬಿಡುತ್ತಾನೆ. ಯಾರೂ ಯಾರನ್ನೂ ಏಳಿಸಬೇಕಾಗಿಲ್ಲ. ಬಾಗಿಲು ರಸ್ತೆಗೇ ತೆರೆದಿದ್ದರೆ ಒಳಗೆ ಬರಲು ಸಂಕೋಚವೂ ಇಲ್ಲ. ಚಪ್ಪಲಿ ಬಿಟ್ಟು, ಹೆಸರು ಬರೆದು, ಸಹಿ ಮಾಡಿ ಎಂಬ ಉಪಚಾರಗಳು ಹೆಚ್ಚಿದಷ್ಟೂ ಮಾಸಿದ ಅಂಗಿಯವನು ಹೊರಗೇ ಉಳಿಯುತ್ತಾನೆ ಎಂಬುದು ಗ್ರಂಥಪಾಲಕರಿಗೆ ಗೊತ್ತಿರುವ ವಿಷಯ.

ಕಾಯಿದೆ ಕೊಟ್ಟದ್ದು, ಬಿಟ್ಟದ್ದು

ಗ್ರಂಥಾಲಯ ದಾನಿಗಳ ಕೃಪೆಯಲ್ಲ, ಜನರ ಹಕ್ಕು ಎಂದು ಕಾನೂನು ಹೇಳಿದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಲ್ಲಿ. ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್.ಆರ್. ರಂಗನಾಥನ್ ಆಗ ಬೆಂಗಳೂರಿನಲ್ಲೇ ನೆಲೆಸಿದ್ದರು. ಅವರು ದೇಶದ ರಾಜ್ಯಗಳಿಗಾಗಿ ರೂಪಿಸಿದ್ದ ಮಾದರಿ ಮಸೂದೆಯ ಛಾಯೆ ಈ ಕಾಯಿದೆಯ ಮೇಲಿದೆ. 1966ರಲ್ಲಿ ಇಲಾಖೆ ಹುಟ್ಟಿತು. ಲಕ್ಷ ಮೀರಿದ ಜನಸಂಖ್ಯೆಯ ನಗರಕ್ಕೆ ತನ್ನದೇ ನಗರ ಗ್ರಂಥಾಲಯ ಪ್ರಾಧಿಕಾರ, ಉಳಿದ ಊರುಗಳಿಗೆಲ್ಲ ಜಿಲ್ಲಾ ಪ್ರಾಧಿಕಾರ ಎಂದು ವ್ಯವಸ್ಥೆಯಾಯಿತು.

ಹಣದ ಮೂಲ ಗ್ರಂಥಾಲಯ ಕರ. ಸ್ಥಳೀಯ ಸಂಸ್ಥೆ ವಸೂಲು ಮಾಡುವ ತೆರಿಗೆಯ ಮೇಲೆ ರೂಪಾಯಿಗೆ 3 ಪೈಸೆ ಎಂದು ಆರಂಭವಾಗಿ ಮುಂದೆ 6 ಪೈಸೆಯಾಯಿತು. ಮನೆ ಕಂದಾಯ 1,500 ರೂಪಾಯಿ ಕಟ್ಟುವವರು ಅದರೊಂದಿಗೆ 90 ರೂಪಾಯಿಯನ್ನು ಗ್ರಂಥಾಲಯಕ್ಕೆ ಕಟ್ಟುತ್ತಾರೆ. ರಸೀದಿ ತೆಗೆದು ನೋಡಿದರೆ ಆ ಸಾಲು ಕಾಣುತ್ತದೆ. ಒಮ್ಮೆಯೂ ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಇದನ್ನು ಕಟ್ಟುತ್ತಲೇ ಬಂದಿದ್ದಾರೆ. ವಸೂಲಾದ ಕರ ಸಕಾಲಕ್ಕೆ ಗ್ರಂಥಾಲಯದ ಖಾತೆಗೆ ಬರುವುದಿಲ್ಲ ಎಂಬ ದೂರು ರಾಜ್ಯದಲ್ಲಿ ಹಳೆಯದು. ಆ ಮಾತು ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. ಅವರ ಹಣದಿಂದ 1883ರಿಂದ 1929ರವರೆಗೆ ಜಗತ್ತಿನ ಹಲವೆಡೆ 2,509 ಗ್ರಂಥಾಲಯ ಕಟ್ಟಡಗಳೆದ್ದವು. ಕಾರ್ನೆಗಿ ಕಟ್ಟಡ ಕೊಡುತ್ತಿದ್ದರು, ಪುಸ್ತಕ ಕೊಡುತ್ತಿರಲಿಲ್ಲ. ಕಟ್ಟಡದ ವೆಚ್ಚದ ಹತ್ತನೇ ಒಂದು ಭಾಗವನ್ನು ಪ್ರತಿ ವರ್ಷ ನಿರ್ವಹಣೆಗೆ ಕೊಡುತ್ತೇವೆಂದು ಊರು ಒಪ್ಪಬೇಕಿತ್ತು. ನಮ್ಮಲ್ಲಿ ಆದದ್ದು ಇದರ ತಿರುವುಮುರುವು. ಕಾಯಿದೆಯಿಂದ ವರಮಾನ ಬಂತು, ಪುಸ್ತಕ ಬಂತು, ಸಿಬ್ಬಂದಿ ಬಂದರು. ಕಟ್ಟಡದ ಯೋಚನೆ ಮಾತ್ರ ಹಿಂದುಳಿಯಿತು. ಇರುವ ಗೋಡೆಯೊಳಗೆ ಉಕ್ಕಿನ ಬೀರು, ಉದ್ದನೆ ಮೇಜು ಜೋಡಿಸಿದ್ದೇ ವಿನ್ಯಾಸ ಎನಿಸಿತು.

1971ರ ಜನಗಣತಿಯ ಹೊತ್ತಿಗೆ ದಾವಣಗೆರೆ ಲಕ್ಷದ ಗೆರೆ ದಾಟಿತ್ತು. ಹರಿಹರ ದಾಟಿರಲಿಲ್ಲ. ಹಾಗಾಗಿ ನಗರ ಗ್ರಂಥಾಲಯದ ದಾರಿ ದಾವಣಗೆರೆಗೆ ತೆರೆಯಿತು. ಹರಿಹರದ್ದು ಜಿಲ್ಲೆಯ ಅಡಿಯ ಶಾಖೆಯಾಗಿ ಉಳಿಯಿತು. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಆ ಜಿಲ್ಲೆಯೆಂದರೆ ಚಿತ್ರದುರ್ಗ. ಹರಿಹರದ ಶಾಖೆಗೆ ನಾಲ್ಕು ಕುರ್ಚಿ ಬೇಕೆಂದರೂ ತೀರ್ಮಾನ ಆಗುವ ಊರು ದಾವಣಗೆರೆಗಿಂತಲೂ ಆಚೆ ಇತ್ತು.

ಓದುಗಿ ಮನೆಯಲ್ಲಿ

ಈ ಕೋಣೆಗಳಲ್ಲಿ ಕಾಣದೇ ಇದ್ದವರು ಹೆಂಗಸರು. 1961ರಲ್ಲಿ ರಾಜ್ಯದ ಮಹಿಳೆಯರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 14. ಆ ಹದಿನಾಲ್ಕು ಮಂದಿ ಮಾತ್ರ ಚೆನ್ನಾಗಿಯೇ ಓದುತ್ತಿದ್ದರು. ಕನ್ನಡ ಕಾದಂಬರಿಯ ಸುಗ್ಗಿಯ ಕಾಲವದು. ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದ ತ.ರಾ. ಸುಬ್ಬರಾಯರು, ಅ.ನ. ಕೃಷ್ಣರಾಯರು, ತ್ರಿವೇಣಿ ಮನೆಮಾತಾಗಿದ್ದರು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂತು.

ಓದುವವಳು ಮನೆಯಲ್ಲಿ, ಗ್ರಂಥಾಲಯದಲ್ಲಿ ಅವಳ ಗಂಡ ಅಥವಾ ಮಗ. ಸದಸ್ಯತ್ವದ ಕಾರ್ಡು ಗಂಡಸಿನ ಹೆಸರಿನಲ್ಲಿ, ಪುಸ್ತಕದ ಪಟ್ಟಿ ಅಮ್ಮನ ಕೈಬರಹದಲ್ಲಿ. ‘ಅದು ಇಲ್ಲದಿದ್ದರೆ ಇದು ತಗೊಂಡು ಬಾ’ ಎಂಬ ಚೀಟಿ ಹಿಡಿದು ಓಡಿದ ಹುಡುಗರು ಆ ತಲೆಮಾರಿನಲ್ಲಿ ಬಹಳ. ದಿನಕ್ಕೆ ಇಷ್ಟು ಪೈಸೆ ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಖಾಸಗಿ ಸರ್ಕ್ಯುಲೇಟಿಂಗ್ ಲೈಬ್ರರಿಗಳೂ ಬದುಕಿದ್ದು ಇದೇ ಚೀಟಿಗಳಿಂದ. ಎರವಲು ಕೊಡುವ ಪುಸ್ತಕಗಳ ಲೆಕ್ಕದಲ್ಲಿ ಹೆಂಗಸರ ಪಾಲು ದೊಡ್ಡದಿದ್ದರೂ ಕೂರುವ ಕುರ್ಚಿಗಳ ಲೆಕ್ಕದಲ್ಲಿ ಅವರು ಇರಲಿಲ್ಲ.

ಚಿಂದೋಡಿ ಮನೆತನದ ನಾಟಕ ಕಂಪನಿಯನ್ನು ಕಂಡ ಊರು ದಾವಣಗೆರೆ. ಕಂಪನಿ ನಾಟಕಗಳ ಟೆಂಟಿನಲ್ಲಿ ಹೆಂಗಸರು ಕೂರಲು ಬೇರೆ ಜಾಗ ಬಿಡುತ್ತಿದ್ದರು. ಟಿಕೆಟ್ ಮಾರಬೇಕಾದವನಿಗೆ ಆ ವ್ಯವಹಾರಜ್ಞಾನ ಇತ್ತು. ಗ್ರಂಥಾಲಯಕ್ಕೆ ಟಿಕೆಟ್ ಮಾರುವ ಒತ್ತಡವಿಲ್ಲದ್ದರಿಂದಲೋ ಏನೋ, ಗ್ರಂಥಪಾಲಕರ ಮೇಜಿನ ಪಕ್ಕ ‘ಮಹಿಳೆಯರಿಗೆ’ ಎಂಬ ಫಲಕದ ಒಂದು ಮೇಜಿಗೆ ಮಾತು ಮುಗಿಯಿತು. ಹೆಂಗಸರು ಬಾರದ್ದರಿಂದ ಶೌಚಾಲಯ ಕಟ್ಟಲಿಲ್ಲ. ಶೌಚಾಲಯ ಇಲ್ಲದ್ದರಿಂದ ಬಂದವರೂ ಒಂದು ಗಂಟೆಗಿಂತ ಹೆಚ್ಚು ಕೂರಲಿಲ್ಲ. ಅನೇಕ ಊರುಗಳ ಗ್ರಂಥಾಲಯದ ಕಥೆ ಈ ಒಂದು ವಾಕ್ಯದಲ್ಲಿದೆ.

2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ನೂರಕ್ಕೆ 68. ಚೀಟಿ ಬರೆದು ಕಳಿಸಿದವರ ಮೊಮ್ಮಕ್ಕಳು ಈಗ ತಾವೇ ಬ್ಯಾಗು ಹಾಕಿಕೊಂಡು ಬರುತ್ತಾರೆ. ಬರುವುದು ಕಾದಂಬರಿಗಲ್ಲ.

ಸ್ವಂತ ಪುಸ್ತಕ ತರಬಾರದು

ದಾವಣಗೆರೆಯ ಗಿರಣಿಗಳು ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಬಹುಪಾಲು ಸದ್ದಡಗಿದವು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಅಷ್ಟರಲ್ಲಿ ದಾವಣಗೆರೆ ಬೇರೆ ಊರಾಗಿತ್ತು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ. ಸುತ್ತಲ ತಾಲ್ಲೂಕುಗಳಿಂದ ಮಕ್ಕಳು ಓದಲು ಬಂದರು, ಬಾಡಿಗೆ ಕೋಣೆ ಹಿಡಿದರು. ಪದವಿ ಮುಗಿದ ಮೇಲೂ ಹಲವರು ಉಳಿದರು. ಕಾರ್ಖಾನೆ ಕೆಲಸ ಕೊಡದ ಕಾಲದಲ್ಲಿ ಕಣ್ಣು ಸರ್ಕಾರಿ ಹುದ್ದೆಯ ಮೇಲೆ. ಕೆಪಿಎಸ್‌ಸಿ, ಪೊಲೀಸ್, ರೈಲ್ವೆ, ಬ್ಯಾಂಕ್, ಶಿಕ್ಷಕರ ನೇಮಕಾತಿ.

ನಾಲ್ವರು ಹಂಚಿಕೊಂಡ ಕೋಣೆಯಲ್ಲಿ ಓದು ಸಾಗದು. ಮನೆಯಲ್ಲೂ ಅದೇ ಕಥೆ, ಹೆಣ್ಣುಮಗಳಾದರೆ ಇನ್ನೂ ಕಷ್ಟ. ಪುಸ್ತಕ ಹಿಡಿದರೆ ಸಾಕು, ಒಳಗಿನಿಂದ ಕೆಲಸಕ್ಕೆ ಕರೆ ಬರುತ್ತದೆ. ಇವರಿಗೆ ಗ್ರಂಥಾಲಯದಿಂದ ಬೇಕಾದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಕುರ್ಚಿ, ಮೇಜು, ಫ್ಯಾನು, ಬೆಳಕು, ಗದ್ದಲವಿಲ್ಲದ ಹತ್ತು ಗಂಟೆ. ಪುಸ್ತಕ ಅವರ ಬಳಿಯೇ ಇದೆ.

ಇಲ್ಲಿಯೇ ಹಳೆಯ ನಿಯಮವೊಂದು ಅಡ್ಡ ಬಂತು. ‘ಸ್ವಂತ ಪುಸ್ತಕಗಳನ್ನು ಒಳಗೆ ತರಬಾರದು’ ಎಂಬ ಫಲಕ ಒಂದು ಕಾಲಕ್ಕೆ ಎಲ್ಲ ಕಡೆ ಕಾಣುತ್ತಿತ್ತು. ಬ್ಯಾಗನ್ನು ಬಾಗಿಲ ಬಳಿಯ ಕಟ್ಟೆಯಲ್ಲಿಟ್ಟು ಟೋಕನ್ ಪಡೆಯಬೇಕು. ಗ್ರಂಥಾಲಯದ ಪುಸ್ತಕ ಯಾವುದು, ಓದುಗನದು ಯಾವುದು ಎಂಬ ಗೊಂದಲ ಬೇಡ ಎಂಬುದು ಕಾರಣ. ಭಂಡಾರವನ್ನು ಕಾಯುವವನ ದೃಷ್ಟಿಯಲ್ಲಿ ಇದು ಸರಿಯಾದ ನಿಯಮವೇ. ಈಗ ರಾಜ್ಯದ ಹಲವು ಗ್ರಂಥಾಲಯಗಳಲ್ಲಿ ಸ್ವಂತ ಪುಸ್ತಕ ತಂದು ಓದುವವರಿಗೆಂದೇ ವಿಭಾಗ ತೆರೆದಿದ್ದಾರೆ. ಫಲಕದ ಮಾತು ತಲೆಕೆಳಗಾಗಿದೆ. ಗ್ರಂಥಾಲಯದ ಕೆಲಸವೇ ಬದಲಾಯಿತು ಎಂದು ಇಲಾಖೆ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡದ್ದು ಹೀಗೆ.

ಒಪ್ಪಿಕೊಂಡರೂ ಲೆಕ್ಕ ಸುಲಭವಿಲ್ಲ. ಗ್ರಂಥಾಲಯ ಕಟ್ಟಡಗಳ ಬಗೆಗಿನ ಭಾರತೀಯ ಮಾನಕ, ಓದುವ ಕೋಣೆಯಲ್ಲಿ ಒಬ್ಬರಿಗೆ 2.33 ಚದರ ಮೀಟರ್, ಅಂದರೆ ಸುಮಾರು 25 ಚದರಡಿ ಬೇಕೆನ್ನುತ್ತದೆ. 20 ಅಡಿ ಅಗಲ, 30 ಅಡಿ ಉದ್ದದ ಕೋಣೆಯಲ್ಲಿ 24 ಮಂದಿ. ಬೆಳಿಗ್ಗೆ ಎಂಟೂವರೆಯಿಂದ ರಾತ್ರಿ ಎಂಟರವರೆಗೆ ತೆರೆದಿದ್ದರೆ ಪತ್ರಿಕೆ ಓದುವವರು ಇಪ್ಪತ್ತು ನಿಮಿಷಕ್ಕೊಬ್ಬರಂತೆ ಒಂದು ಕುರ್ಚಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಕೂತೇಳಬಹುದು. ಕೋಣೆಗೆ 700 ಓದುಗರು. ಪರೀಕ್ಷೆಗೆ ಓದುವವರಾದರೆ ಬೆಳಿಗ್ಗೆ ಕೂತವರು ರಾತ್ರಿ ಏಳುತ್ತಾರೆ. ಕೋಣೆಗೆ 24 ಓದುಗರು. ಗೋಡೆ ಅದೇ, ಕರ ಕಟ್ಟುವ ಜನ ಅದೇ.

ಈ 700 ಮಂದಿ ದೊಡ್ಡವರೋ, ಆ 24 ಮಂದಿಯೋ? ನಿವೃತ್ತ ಮೇಷ್ಟರಿಗೆ, ಕಾರ್ಖಾನೆ ಮುಚ್ಚಿದ ಮೇಲೆ ಮನೆಯಲ್ಲಿ ಹೊತ್ತು ಹೋಗದವರಿಗೆ ಪತ್ರಿಕೆಯ ಮೇಜೇ ಊರಿನೊಂದಿಗಿನ ನಂಟು. ಅತ್ತ ಹಳ್ಳಿಯಿಂದ ಬಂದ ಹುಡುಗಿಗೆ ಆ ಒಂದು ಕುರ್ಚಿಯ ಮೇಲೆ ಮನೆಮಂದಿಯ ಮುಂದಿನ ದಿನಗಳು ನಿಂತಿವೆ. ಒಬ್ಬರಿಗೆ ಪುಟ ತಿರುವಿ ಪಕ್ಕದವರೊಂದಿಗೆ ಎರಡು ಮಾತಾಡಬೇಕು, ಇನ್ನೊಬ್ಬರಿಗೆ ಪಿಸುಮಾತೂ ಕಿರಿಕಿರಿ. ಇಬ್ಬರನ್ನೂ ಒಂದೇ ಹಾಲಿನಲ್ಲಿ ಕೂರಿಸಿದರೆ ಜಗಳ ಖಂಡಿತ. ಆ ಜಗಳ ಬಿಡಿಸುವ ಕೆಲಸ ಗ್ರಂಥಪಾಲಕರದಲ್ಲ, ಕಟ್ಟಡದ್ದು. ಪತ್ರಿಕೆಯ ಮೇಜು ರಸ್ತೆಯ ಕಡೆ, ಬೇಕಿದ್ದರೆ ಮಾಡಿನ ಕೆಳಗಿನ ತೆರೆದ ಜಗಲಿಯಲ್ಲೇ ಇರಲಿ. ದಾವಣಗೆರೆಯ ಬೇಸಿಗೆಗೆ ಅದೇ ಹಿತ. ದಿನವಿಡೀ ಕೂರುವವರ ಕೋಣೆ ಒಳಗೆ, ಮಕ್ಕಳ ಕೋಣೆಯಿಂದ ದೂರ. ನಡುವೆ ಪುಸ್ತಕದ ಬೀರುಗಳನ್ನೇ ಗೋಡೆಯಂತೆ ನಿಲ್ಲಿಸಬಹುದು. ಕಾಗದದ ರಾಶಿ ಸದ್ದನ್ನು ಹೀರುತ್ತದೆ. ಮೇಜಿಗೊಂದು ಪ್ಲಗ್ ಪಾಯಿಂಟ್ ಬೇಕು. ಫ್ಯಾನು, ಟ್ಯೂಬ್‌ಲೈಟಿಗಷ್ಟೇ ಹಾಕಿದ ಹಳೆಯ ವೈರಿಂಗ್ ಇಂದು ಪ್ರತಿ ಕುರ್ಚಿಯ ಮೊಬೈಲ್ ಹೊರೆ ತಾಳದು. ಇಳಿಜಾರು ದಾರಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ನಂತರ ಔದಾರ್ಯದ ಮಾತಾಗಿ ಉಳಿದಿಲ್ಲ.

ಬೆಂಗಳೂರಿನ ವಿಜಯನಗರ, ಧಾರವಾಡಗಳಲ್ಲಿ ತಿಂಗಳಿಗಿಷ್ಟು ಎಂದು ಶುಲ್ಕ ಪಡೆದು ಕುರ್ಚಿ ಬಾಡಿಗೆಗೆ ಕೊಡುವ ಖಾಸಗಿ ‘ಸ್ಟಡಿ ಸೆಂಟರ್’ಗಳ ಸಾಲೇ ಇದೆ. ಹಿಂದೆ ಕಾದಂಬರಿಯನ್ನು ದಿನಬಾಡಿಗೆಗೆ ಕೊಟ್ಟ ವ್ಯಾಪಾರ ಈಗ ಕುರ್ಚಿಗೆ ಇಳಿದಿದೆ. ಅಲ್ಲಿ ದುಡ್ಡು ಕೊಡಲಾಗದವರೇ ಸರ್ಕಾರಿ ಗ್ರಂಥಾಲಯದ ಬಾಗಿಲಲ್ಲಿ ಬೆಳಿಗ್ಗೆ ನಿಲ್ಲುವವರು ಎಂಬುದನ್ನು ಮರೆಯುವಂತಿಲ್ಲ.

ಬೆಳೆಯುವ ಜೀವಿ

ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕಗಳಿರುವುದು ಬಳಕೆಗೆ ಎಂಬುದು. ಇದನ್ನು ವಿವರಿಸುವಾಗ ಅವರು ಪುಸ್ತಕದ ಮಾತಿಗಿಂತ ಮೊದಲು ಗ್ರಂಥಾಲಯ ಊರಿನ ಯಾವ ಜಾಗದಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು ಎಂಬುದನ್ನು ಚರ್ಚಿಸಿದರು. ಕೊನೆಯ ಸೂತ್ರ, ಗ್ರಂಥಾಲಯ ಬೆಳೆಯುವ ಜೀವಿ ಎಂಬುದು. ಪುಸ್ತಕ ಹೆಚ್ಚುವುದನ್ನಷ್ಟೇ ನೆನೆದು ನಮ್ಮವರು ಬೀರು ಹೆಚ್ಚಿಸಿದರು. ಓದುಗನೂ ಬೆಳೆದು ಬೇರೆಯಾಗುತ್ತಾನೆ ಎಂಬ ಅರ್ಥವೂ ಅದರಲ್ಲಿತ್ತು.

ಯುನೆಸ್ಕೋ ನೆರವಿನಿಂದ 1951ರಲ್ಲಿ ಆರಂಭವಾದ ದೆಹಲಿ ಸಾರ್ವಜನಿಕ ಗ್ರಂಥಾಲಯ ಆಗಲೇ ಪುಸ್ತಕದ ಜೊತೆಗೆ ಚರ್ಚಾಕೂಟ, ನಾಟಕ ತಂಡಗಳಿಗೂ ಜಾಗ ಕೊಟ್ಟಿತ್ತು. 2018ರ ಡಿಸೆಂಬರ್‌ನಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ತೆರೆದ ‘ಊಡಿ’ ಗ್ರಂಥಾಲಯ ಇನ್ನೂ ಮುಂದೆ ಹೋಗಿ ಒಂದು ಇಡೀ ಮಹಡಿಯನ್ನು ಹೊಲಿಗೆ ಯಂತ್ರ, ಸಂಗೀತ, ಕೈಕೆಲಸಕ್ಕೆ ಬಿಟ್ಟುಕೊಟ್ಟಿತು. ಅಷ್ಟು ಹಣ, ಅಷ್ಟು ಜಾಗ ನಮ್ಮಲ್ಲಿಲ್ಲ, ನಿಜ. ಆದರೆ ಕಟ್ಟುವ ಮೊದಲು ಊರಿನವರನ್ನು ನಿಮಗೇನು ಬೇಕು ಎಂದು ಅಲ್ಲಿ ಕೇಳಿದ್ದರು. ಕೇಳಲು ಹಣ ಬೇಡ.

ರಾಜ್ಯದ ಹಳ್ಳಿಗಳಲ್ಲಿ ಅಂಥದೊಂದು ಬದಲಾವಣೆ ಈಚೆಗೆ ಆಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡತೊಡಗಿದರು. ದೊಡ್ಡವರ ಎತ್ತರದ ಮೇಜಿದ್ದ ಕೋಣೆಗಳಿಗೆ ಮಕ್ಕಳು ಬಂದರು. ಗೋಡೆಗಳಿಗೆ ಬಣ್ಣ ಬಂತು, ನೆಲದ ಮೇಲೆ ಚಾಪೆ ಬಂತು. ಒಬ್ಬ ಹೊಸ ಓದುಗ ಬಂದರೆ ಕೋಣೆ ಎಷ್ಟು ಬೇಗ ಬದಲಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ನಗರದ ಗ್ರಂಥಾಲಯಗಳಿಗೆ ಕಂಪ್ಯೂಟರ್, ಟ್ಯಾಬ್‌ಗಳು ಬಂದಿವೆ, ಡಿಜಿಟಲ್ ಗ್ರಂಥಾಲಯ ಮೊಬೈಲಿನಲ್ಲೇ ಸಿಗುತ್ತದೆ. ಆದರೆ ಮೊಬೈಲು ಪುಸ್ತಕ ಕೊಟ್ಟೀತು, ಕೂರುವ ಜಾಗ ಕೊಡದು.

2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ 4.34 ಲಕ್ಷ ದಾಟಿತ್ತು. ಹರಿಹರದ್ದು 83 ಸಾವಿರ ಚಿಲ್ಲರೆ. ಮುಂದಿನ ಎಣಿಕೆಯಲ್ಲಿ ಹರಿಹರ ಲಕ್ಷ ಮುಟ್ಟಿದರೆ, 1965ರ ಕಾಯಿದೆಯ ಲೆಕ್ಕದಂತೆ ಅದಕ್ಕೂ ತನ್ನದೇ ನಗರ ಗ್ರಂಥಾಲಯ ಪ್ರಾಧಿಕಾರ ಕೇಳುವ ದಾರಿ ತೆರೆಯುತ್ತದೆ. ಆಗ ಸೇತುವೆಯ ಪಕ್ಕದ ಈ ಊರು ತನ್ನ ಗ್ರಂಥಾಲಯದ ನಕ್ಷೆಯನ್ನು ತಾನೇ ಹಾಳೆಯ ಮೇಲೆ ಬರೆಯಬೇಕಾಗುತ್ತದೆ. ಪತ್ರಿಕೆಯ ಮೇಜು ಎಲ್ಲಿ, ಹುಡುಗಿಯರ ಶೌಚಾಲಯ ಎಲ್ಲಿ, ಸೋಮವಾರ ಬಾಗಿಲು ಹಾಕಬೇಕೋ ಬೇಡವೋ ಎಂಬ ಪ್ರಶ್ನೆಗಳಿಂದ ಅದು ಶುರುವಾಗಬಹುದು.